ಕಿರುಬೆರಳು ಎತ್ತಿದರೆ ಮಿಸ್ ನಗುತ್ತಾರೆ

ಮಗಳಿಗೆ ಜ್ವರ ಬಂದಾಗ ನಾನು ಚಳಿಯನ್ನು ಬೈದೆ. ಮಿಶಿಗನ್ನಿನ ಚಳಿಗಾಲ ಬೈಸಿಕೊಳ್ಳುವುದಕ್ಕೆಂದೇ ಹುಟ್ಟಿದ್ದು. ಆದರೆ ನಾವಿದ್ದ ಕ್ಯಾಂಟನ್ ಊರಿನ ಡಾಕ್ಟರ್ ಆಂಟಿ, ಬೆಂಗಳೂರಿನವರು, ಮೂತ್ರ ಪರೀಕ್ಷೆ ಮಾಡಿಸಿದರು. ಆಮೇಲೆ ನನ್ನನ್ನು ಬಿಟ್ಟು ಅವಳನ್ನೇ ಕೇಳಿದರು.

"ಪುಟ್ಟಿ, ಸ್ಕೂಲಲ್ಲಿ ಎಷ್ಟ್ ಸಲ ಒಂದಕ್ಕೆ ಹೋಗ್ತೀಯಮ್ಮಾ?"

"ಹೋಗೋದೇ ಇಲ್ಲ ಆಂಟಿ."

"ಇಡೀ ದಿನಾನಾ?"

"ಹೂಂ. ಮಿಸ್ ಕಳಿಸಲ್ಲ. ನಾನು ಹೀಗೆ ಕೇಳಿದ್ರೆ," ಎಂದು ಕಿರುಬೆರಳು ಎತ್ತಿ ತೋರಿಸಿದಳು, "ಅವರು ಬೆರಳು ಹಿಡ್ಕೊಂಡು ನಗ್ತಾರೆ."

ಆರು ವರ್ಷದ ಮಗು ಒಂದಕ್ಕೆ ಹೋಗಬೇಕು ಅಂದರೆ ಬೆರಳು ಹಿಡಿದು ನಗುವುದಾ? ಅವಳೇನು ಟೀಚರೋ ರಾಕ್ಷಸಿಯೋ? ಇವಳು ಹೆದರಿ ಸ್ಕೂಲಿನಲ್ಲಿ ನೀರು ಕುಡಿಯುವುದನ್ನೇ ಬಿಟ್ಟಿದ್ದಳಂತೆ. "ಇನ್‌ಫೆಕ್ಷನ್ ಕಿಡ್ನಿವರೆಗೂ ಹೋಗಿಲ್ಲ, ಪುಣ್ಯ. ಹೀಗೇ ತಡ್ಕೊಂಡಿದ್ರೆ ಹೋಗತ್ತೆ ನೋಡಿ," ಎಂದರು ಡಾಕ್ಟರ್ ಆಂಟಿ, ಔಷಧಿ ಬರೆಯುತ್ತಾ.

ನಾವು ಮೈಸೂರಿನಿಂದ ಬಂದು ಇನ್ನೂ ವರ್ಷವಾಗಿರಲಿಲ್ಲ. ಬಂದಿದ್ದೋ ಸರಿಯಾಗಿ ರಿಸೆಷನ್ನಿನ ಬಾಯಿಗೆ. ನಮ್ಮ ಬಡಾವಣೆಯಲ್ಲಿ ಮನೆ ಬಿಟ್ಟು ಒಂದು ಮನೆ ಮಾರಾಟಕ್ಕಿತ್ತು. ಕಾರು ಕಂಪನಿಯಲ್ಲಿ ಕಾಂಟ್ರಾಕ್ಟ್ ಮೇಲಿದ್ದ ನನ್ನ ಗಂಡ, ಕೆಲಸದಿಂದ ತೆಗೆಯುವ ದಿನವಾದ ಶುಕ್ರವಾರ ಬಂತೆಂದರೆ ಮುಖ ಒಣಗಿಸಿಕೊಂಡು ಆಫೀಸಿಗೆ ಹೋಗುತ್ತಿದ್ದರು. ಮಗಳಿಗೆ ಇಂಗ್ಲಿಷ್ ಬರುವುದಿಲ್ಲವಲ್ಲ, ಒಬ್ಬೊಬ್ಬರನ್ನೂ ಗಮನಿಸುತ್ತಾರೆ ಎಂದು ಯಾರೋ ಹೇಳಿದ್ದಕ್ಕೆ ಚಾರ್ಟರ್ ಸ್ಕೂಲಿಗೆ ಸೇರಿಸಿದ್ದೆವು. ಸರ್ಕಾರದ ದುಡ್ಡು, ಖಾಸಗಿ ಆಡಳಿತ, ಫೀಸಿಲ್ಲ. ಸೇರಿಸುವಾಗ ಪ್ರತಿ ಕ್ಲಾಸಿಗೂ ಟೀಚರ್ ಜೊತೆ ಒಬ್ಬಳು ಹೆಲ್ಪರ್ ಇದ್ದಿದ್ದನ್ನು ನಾನೇ ಕಣ್ಣಾರೆ ನೋಡಿದ್ದೆ.

"ಹೋಗಿ ಕೂಗಾಡ್ಬೇಡ ಕಣೇ," ಎಂದರು ಗಂಡ. "ಮೊದ್ಲು ಏನಾಯ್ತು ಅಂತ ಕೇಳು."

"ಕೇಳೋದೇನ್ ಬಂತು? ಮಗು ಸುಳ್ಳು ಹೇಳತ್ತಾ?"

ಜ್ವರ ಬಿಟ್ಟ ಮೇಲೆ ಮಗಳ ಕೈ ಹಿಡಿದುಕೊಂಡು ನಾನೇ ಸ್ಕೂಲಿಗೆ ಹೋದೆ. ಆಫೀಸಿನಲ್ಲಿದ್ದಾಕೆ ಒಂದು ಕಿವಿಗೆ ಫೋನ್ ಒತ್ತಿಕೊಂಡು ಒಬ್ಬ ಹುಡುಗನ ಮಂಡಿಗೆ ಪಟ್ಟಿ ಹಚ್ಚುತ್ತಿದ್ದಳು. ನರ್ಸ್ ಎಲ್ಲಿ ಎಂದರೆ ಈಗ ನಾನೇ ಎಂದಳು. ಕ್ಲಾಸಿಗೆ ಹೋಗಿ ಟೀಚರನ್ನು ನೋಡಿ ಎಂದು ಕೈ ತೋರಿಸಿದಳು.

ಕ್ಲಾಸಿನಲ್ಲಿ ಮೊದಲು ನೋಡಿದ್ದಕ್ಕಿಂತ ಜಾಸ್ತಿ ಮಕ್ಕಳು. ಪಕ್ಕದ ಕ್ಲಾಸನ್ನು ಒಡೆದು ಇದರೊಳಕ್ಕೆ ಸೇರಿಸಿದ್ದಾರೆಂದು ಆಮೇಲೆ ತಿಳಿಯಿತು. ಟೀಚರ್ ಚಿಕ್ಕ ವಯಸ್ಸಿನ ಹುಡುಗಿ. ನನ್ನ ಮಗಳನ್ನು ಕಂಡು ಮುಖ ಅರಳಿಸಿ ಓಡಿಬಂದಳು. ಆ ಅಕ್ಕರೆ ನೋಡಿ ನನಗೆ ಇನ್ನಷ್ಟು ಉರಿಯಿತು. ಏನು ನಾಟಕ! ಗೊತ್ತಿದ್ದ ಇಂಗ್ಲಿಷನ್ನೆಲ್ಲ ಒಟ್ಟುಮಾಡಿಕೊಂಡು ಕೇಳಿಯೇಬಿಟ್ಟೆ. ನನ್ನ ಮಗಳು ಬೆರಳು ತೋರಿಸಿದರೆ ನೀವು ಯಾಕೆ ನಗುತ್ತೀರಿ?

ಅವಳಿಗೆ ಅರ್ಥವಾಗಲಿಲ್ಲ. ನಾನು ಕಿರುಬೆರಳು ಎತ್ತಿದೆ. ತಕ್ಷಣ ನಗುತ್ತಾ ತನ್ನ ಕಿರುಬೆರಳನ್ನು ನನ್ನ ಬೆರಳಿಗೆ ಕೊಕ್ಕೆಯ ಹಾಗೆ ಸಿಕ್ಕಿಸಿದಳು.

"ಪಿಂಕಿ ಪ್ರಾಮಿಸ್!" ಎಂದಳು.

ಪಿಂಕಿ ಅಂದರೆ ಕಿರುಬೆರಳು; ಇಲ್ಲಿಯ ಮಕ್ಕಳು ಹೀಗೆ ಬೆರಳಿಗೆ ಬೆರಳು ಸೇರಿಸಿ ಭಾಷೆ ಕೊಡುತ್ತಾರಂತೆ. ಮಾತು ಬಾರದ ಹೊಸ ಮಗು ದಿನವೂ ತನ್ನ ಹತ್ತಿರ ಬಂದು ಸ್ನೇಹ ಕೇಳುತ್ತದೆ ಎಂದುಕೊಂಡಿದ್ದಳು ಪಾಪ. ನಮ್ಮಲ್ಲಿ ಕಿರುಬೆರಳು ಎತ್ತಿದರೆ ಒಂದೋ ಟೂ ಬಿಟ್ಟ ಹಾಗೆ, ಇಲ್ಲವೋ ಒಂದಕ್ಕೆ. ಅದನ್ನು ಇವಳಿಗೆ ಹೇಗೆ ಹೇಳುವುದು? ಬಾತ್‌ರೂಮ್ ಎಂದೆ, ಬೆರಳು ತೋರಿಸಿದೆ, ಡಾಕ್ಟರ್ ಹೇಳಿದ್ದನ್ನೂ ಹೇಳಿದೆ. "ಓ ಮೈ ಗಾಡ್" ಎಂದು ಅವಳು ಮಗಳ ಮುಂದೆ ಮಂಡಿಯೂರಿ ಕೂತಳು.

ಹೆಲ್ಪರ್ ಇದ್ದಾಗ ಊಟವಾದ ಮೇಲೆ ಆಕೆಯೇ ಮಕ್ಕಳನ್ನೆಲ್ಲ ಸಾಲಾಗಿ ಕರೆದುಕೊಂಡು ಹೋಗುತ್ತಿದ್ದಳಂತೆ. ಯಾರೂ ಕೇಳಬೇಕಾಗಿರಲಿಲ್ಲ. ಕ್ರಿಸ್‌ಮಸ್ ರಜೆಯಲ್ಲಿ ದುಡ್ಡಿಲ್ಲವೆಂದು ಹೆಲ್ಪರುಗಳನ್ನೆಲ್ಲ ತೆಗೆದರು, ಇಂಗ್ಲಿಷ್ ಹೇಳಿಕೊಡಲು ಬರುತ್ತಿದ್ದವಳನ್ನೂ ತೆಗೆದರು. ಬಾತ್‌ರೂಮ್ ಇದ್ದಿದ್ದು ಉದ್ದದ ಕಾರಿಡಾರಿನ ಆ ತುದಿಗೆ. ಇಷ್ಟು ಮಕ್ಕಳನ್ನು ಬಿಟ್ಟು ತಾನು ಹೋಗುವ ಹಾಗಿಲ್ಲ, ಬಾಯಿಬಿಟ್ಟು ಕೇಳಿದವರನ್ನಷ್ಟೇ ಜೋಡಿಮಾಡಿ ಕಳಿಸುವುದು ಎಂದಳು. ಕೇಳಲು ಬಾರದವರ ಗತಿ? ನಾನು ಕೇಳುವ ಮೊದಲೇ ಅವಳೇ ಕಣ್ಣೊರೆಸಿಕೊಂಡು, ಇನ್ನು ಮೇಲೆ ನಿಮ್ಮ ಮಗಳನ್ನು ಗಂಟೆಗಂಟೆಗೂ ಕಳಿಸುತ್ತೇನೆ ಎಂದಳು.

ಆಮೇಲೆ ಎದ್ದು ನಿಂತವಳು ನನ್ನನ್ನೇ ನೋಡಿದಳು. ತುಂಬಾ ನಾಚಿಕೊಂಡು, ತಗ್ಗಿದ ದನಿಯಲ್ಲಿ, ಎರಡು ನಿಮಿಷ ಇಲ್ಲಿ ನಿಲ್ಲುತ್ತೀರಾ ಎಂದಳು. ಹೊರಗಿನವರನ್ನು ಹೀಗೆ ಮಕ್ಕಳ ಜೊತೆ ಒಬ್ಬರನ್ನೇ ಬಿಡಬಾರದು, ಗೊತ್ತು, ಆದರೆ ಬೆಳಗ್ಗೆ ಬಂದಾಗಿನಿಂದ ನಾನೂ ಬಾತ್‌ರೂಮಿಗೆ ಹೋಗಿಲ್ಲ ಎಂದಳು. ಹೂಂ ಅನ್ನುವಷ್ಟರಲ್ಲಿ ಕಾರಿಡಾರಿನಲ್ಲಿ ಓಡುತ್ತಿದ್ದಳು.

ಅಯ್ಯೋ ದೇವರೇ, ನಾನು ಯಾರು, ಎತ್ತ ಎಂದು ಆಕೆಗೆ ಗೊತ್ತೇ? ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಮೆಲ್ಲಗೆ ಕೈ ಎತ್ತಿದಳು. ನೀವು ಹೊಸ ಹೆಲ್ಪರಾ, ನಾನು ಬಾತ್‌ರೂಮಿಗೆ ಹೋಗಬಹುದಾ ಎಂದು ಕೇಳಿದಳು. ಅವಳ ಹಿಂದೆ ಇನ್ನೊಂದು ಕೈ ಎದ್ದಿತು. ನೋಡನೋಡುತ್ತಾ ಅರ್ಧ ಕ್ಲಾಸಿನ ಕೈಗಳು ಮೇಲಿದ್ದವು.