ಆಂಟಿಯ ನಾಲ್ಕು ದಿನ

ಮೊನ್ನೆ ಮಗಳ ಈಜಿನ ಚೀಲದಿಂದ ಒದ್ದೆ ಟವೆಲ್ ತೆಗೆದಾಗ ಕ್ಲೋರಿನ್ ವಾಸನೆ ಮೂಗಿಗೆ ಬಡಿಯಿತು. ವಾಷರ್‌ಗೆ ಹಾಕಬೇಕಾದದ್ದನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟೆ. ಲಿವೋನಿಯಾದ ಆಂಟಿ ನೆನಪಾದರು...

ತೊಂಬತ್ತರ ದಶಕದ ಕೊನೆ. ನಾನು ಮದುವೆಯಾಗಿ ಅಮೆರಿಕಕ್ಕೆ, ಮಿಷಿಗನ್ನಿನ ಲಿವೋನಿಯಾಗೆ ಬಂದ ಹೊಸತು. ಗದಗದ ಕಡೆಯ ಈ ಆಂಟಿಯ ಮನೆ ನಮ್ಮ ಅಪಾರ್ಟ್‌ಮೆಂಟಿನಿಂದ ಅರ್ಧ ಮೈಲಿ. ಅವರಿಗೆ ಐವತ್ತು ದಾಟಿತ್ತು. ಅತ್ತೆ, ಮೈದುನನ ಸಂಸಾರ, ಕೆಲಸ ಹುಡುಕುತ್ತ ತಿಂಗಳುಗಟ್ಟಲೆ ಉಳಿದುಕೊಂಡವರು... ಆ ಮನೆಯಲ್ಲಿ ಜನ ಇಲ್ಲದ ದಿನವೇ ಇರಲಿಲ್ಲ. ಊರಿಂದ ಬಂದವರೆಲ್ಲ ಮೊದಲು ಆಂಟಿಯ ರೊಟ್ಟಿ ತಿಂದೇ ಅಮೆರಿಕ ನೋಡಿದವರು. ನಾನೂ ಅಷ್ಟೇ.

ರಿಕ್ರಿಯೇಷನ್ ಸೆಂಟರಿನ ಈಜುಕೊಳದಲ್ಲಿ ಮಂಗಳವಾರ ಬೆಳಗ್ಗೆ ಒಂದು ಗಂಟೆ ಹೆಂಗಸರಿಗೆ ಮಾತ್ರ. ಡಿಯರ್‌ಬಾರ್ನ್ ಕಡೆಯ ಅರಬ್ ಹೆಂಗಸರು ಕೇಳಿ ಮಾಡಿಸಿಕೊಂಡದ್ದು. ಗಾಜಿಗೆಲ್ಲ ಕಾಗದ ಅಂಟಿಸುತ್ತಿದ್ದರು. ಆಂಟಿ ನನ್ನನ್ನೂ ಕಾರಿನಲ್ಲಿ ಹಾಕಿಕೊಂಡು ಹೋಗುತ್ತಿದ್ದರು. ಮೊದಲ ತಿಂಗಳು ಅವರು ಕೊಳದ ಗೋಡೆ ಬಿಡಲಿಲ್ಲ. ಚಳಿಗಾಲ ಮುಗಿಯುವಷ್ಟರಲ್ಲಿ ಆ ತುದಿಯಿಂದ ಈ ತುದಿಗೆ ಬರುತ್ತಿದ್ದರು, ಒಂದೇ ಉಸಿರಿನ ಹಟದಲ್ಲಿ.

ಒಂದು ಮಂಗಳವಾರ ಹೊರಗೆ ಹದಿನೈದು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ಕಾರು ಬೆಚ್ಚಗಾಗಲೆಂದು ಪಾರ್ಕಿಂಗ್ ಲಾಟಿನಲ್ಲೇ ಕೂತಿದ್ದೆವು. ಆಂಟಿ ಪರ್ಸಿನಿಂದ ಒಂದು ಹಾಳೆ ತೆಗೆದರು. ಡೆಂಟಿಸ್ಟ್ ಆಫೀಸಿನ ಮ್ಯಾಗಜೀನಿನಿಂದ ಹರಿದುಕೊಂಡದ್ದು. ನರೆಗೂದಲಿನ ಹೆಂಗಸೊಬ್ಬಳು ಹಲಗೆಯ ಮೇಲೆ ನಿಂತು ಅಲೆಯಲ್ಲಿ ಜಾರುತ್ತಿದ್ದಳು.

"ಹವಾಯಿಗೆ ಟಿಕೆಟ್ ಬುಕ್ ಮಾಡೀನಿ. ನಾಲ್ಕ ದಿನ. ಒಬ್ಬಾಕಿನ. ಸರ್ಫ್ ಕ್ಲಾಸಿಗೂ ಹೆಸರ ಕೊಟ್ಟೀನಿ. ನಿಮ್ಮ ಅಂಕಲ್ ಹೋಗಿ ಬಾ ಅಂದಾರ. ನೀ ಯಾರಿಗೂ ಹೇಳಬ್ಯಾಡ ಮತ್ತ."

"ಒಬ್ಬರೇ ಭಯ ಆಗಲ್ವಾ ಆಂಟಿ?"

"ಹುಟ್ಟಿದಾಗಿಂದ ಒಂದ ಹೊತ್ತರೆ ಒಬ್ಬಾಕಿನ ಕುಂತು ಉಂಡಿಲ್ಲ ನೋಡವಾ. ನೀರಾಗ ಬಿದ್ರ ಬೀಳ್ತೀನಿ. ಯಾರೂ ನೋಡೂದಿಲ್ಲಲ್ಲ."

ಹಾಗೆ ಹೇಳಿ ನಕ್ಕರು. ಅಷ್ಟು ಖುಷಿಯಾಗಿ ಅವರು ನಕ್ಕದ್ದನ್ನು ನಾನು ಆಮೇಲೆ ನೋಡಲಿಲ್ಲ.

ನನ್ನ ಬಾಯಿಗೆ ಮಣ್ಣು ಹಾಕ! ಎಲ್ಲರೂ ಒಂದೊಂದು ಅಡುಗೆ ತರುವ ಯುಗಾದಿ ಪಾಟ್‌ಲಕ್‌ನಲ್ಲಿ ಹೋಳಿಗೆ ಬಡಿಸುತ್ತ ಪಕ್ಕದವರಿಗೆ ಅಂದೆ: "ಪಾಪ, ಆಂಟಿ ಹವಾಯಿಗೆ ಒಬ್ರೇ ಹೋಗ್ತಿದಾರಂತೆ ಕಣ್ರೀ." ಕೇಡು ಬಗೆದು ಅಂದದ್ದಲ್ಲ. ಆದರೆ ಆ 'ಪಾಪ' ಒಂದೇ ಸಾಕಾಯಿತು. ನಮ್ಮ ಜನಕ್ಕೆ ಯಾರಾದರೂ ಒಂಟಿಯಾಗಿ ಕಂಡರೆ ತಡೆಯುವುದಿಲ್ಲ. ಪಾಯಸ ಮುಗಿಯುವಷ್ಟರಲ್ಲಿ "ಅಯ್ಯೋ, ಒಬ್ರೇ ಯಾಕೆ ಆಂಟಿ, ನಾವು ಕಂಪನಿ ಕೊಡ್ತೀವಿ" ಎಂದು ನಮ್ಮದೂ ಸೇರಿ ಮೂರು ಸಂಸಾರ ಹೊರಟು ನಿಂತವು. ಆಂಟಿ ನನ್ನ ಕಡೆ ಒಮ್ಮೆ ನೋಡಿದರು, ಅಷ್ಟೇ. ಬೇಡ ಎನ್ನಲು ಅವರಿಗೆ ಬರುತ್ತಿರಲಿಲ್ಲ. ಬಂದಿದ್ದರೆ ಆ ಮನೆ ಯಾವತ್ತೋ ಖಾಲಿಯಾಗಿರುತ್ತಿತ್ತು.

ಮಕ್ಕಳ ಸ್ಕೂಲು ಮುಗಿಯಲೆಂದು ಅವರ ತಾರೀಖನ್ನೂ ನಾವೇ ಬದಲಾಯಿಸಿದೆವು. ಹನ್ನೊಂದು ಜನ. ಅವರ ಹೋಟೆಲ್ ರೂಮ್ ಕ್ಯಾನ್ಸಲ್ ಮಾಡಿಸಿ, ಅಡುಗೆಮನೆ ಇರುವ ಕಾಂಡೋ ಹಿಡಿದೆವು. ಮಕ್ಕಳಿಗೆ ಅನ್ನ-ಸಾರು ಬೇಕಲ್ಲ. ರೈಸ್ ಕುಕ್ಕರ್ ಬಂತು, ಪುಳಿಯೋಗರೆ ಗೊಜ್ಜು ಬಂತು. ಆಂಟಿ ಉಪ್ಪಿಟ್ಟು ಮಾಡುತ್ತಿದ್ದರು, ನಾವು ತಿಂದು ಬೀಚಿಗೆ ಓಡುತ್ತಿದ್ದೆವು. ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು, ಅದೂ ಸಿಂಕಿನ ಮುಂದೆ ನಿಂತರೆ.

ಸರ್ಫ್ ಕ್ಲಾಸು ಮೂರನೇ ದಿನ ಬೆಳಗ್ಗೆ ಎಂಟಕ್ಕೆ. ನಮ್ಮ ಜೊತೆ ಬಂದಿದ್ದ ಒಬ್ಬರ ವಯಸ್ಸಾದ ತಾಯಿಗೆ ಅವತ್ತೇ ಹೊಟ್ಟೆ ಕೆಟ್ಟಿತು. ಹಿರಿಯರನ್ನು ಒಬ್ಬರನ್ನೇ ಬಿಟ್ಟು ಹೋಗುವುದು ಹೇಗೆ? "ಆಂಟಿ ಇದಾರಲ್ಲ" ಎಂದು ಯಾರೋ ಅಂದರು ಎಂದು ಬರೆಯಬಹುದು. ಅಂದವಳು ನಾನೇ. ಆಂಟಿ ಕಪಾಟಿನಿಂದ ಅಕ್ಕಿ ತೆಗೆದು ಗಂಜಿಗೆ ಇಟ್ಟರು. ಕ್ಲಾಸು ದಂಡವಾಗಬಾರದೆಂದು ಅವರ ಬದಲು ನಾನು ಹೋದೆ. ಎರಡು ಸಲ ಎದ್ದು ನಿಂತೆ ಕೂಡ.

ಹಿಂದಿರುಗಿದಾಗ ಬಾಗಿಲಲ್ಲೇ ಕೇಳಿದರು, "ಹೆಂಗಿತ್ತವಾ?"

ನಾನು ಪೆದ್ದಿ, ಅರ್ಧ ಗಂಟೆ ವರ್ಣಿಸಿದೆ. ಅವರು ಒಂದೂ ಮಾತು ಬಿಡದೆ ಕೇಳಿಸಿಕೊಂಡರು.

ಮಿಷಿಗನ್‌ಗೆ ಮರಳಿದ ಮೇಲೆ ಮಂಗಳವಾರ ಅವರ ಕಾರು ಬರಲಿಲ್ಲ. ಫೋನ್ ಮಾಡಿದರೆ "ಮನಿ ತುಂಬ ಮಂದಿ ಅದಾರವಾ" ಎಂದರು. ಹವಾಯಿಗೆ ಮತ್ತೊಮ್ಮೆ ಒಬ್ಬರೇ ಹೋಗಿಬನ್ನಿ ಎಂದು ಹೇಳಲು ನನಗೆ ಮುಖ ಇರಲಿಲ್ಲ. ಆ ಹಾಳೆಯನ್ನು ಏನು ಮಾಡಿದರೋ...

ನಾವು ಮಿಷಿಗನ್ ಬಿಟ್ಟು ಪಕ್ಕದ ರಾಜ್ಯದ ಹಾಫ್‌ಮನ್ ಎಸ್ಟೇಟ್ಸ್‌ಗೆ ಬಂದ ಐದಾರು ವರ್ಷಕ್ಕೆ ಸುದ್ದಿ ಬಂತು. ಸ್ಟ್ರೋಕ್. ಅಡುಗೆ ಮಾಡುತ್ತಲೇ ಬಿದ್ದರಂತೆ, ಮನೆ ತುಂಬ ನೆಂಟರಿದ್ದರಂತೆ. ಐದು ಗಂಟೆ ಡ್ರೈವ್ ಮಾಡಿಕೊಂಡು ಹೋದೆವು. ಫ್ಯೂನೆರಲ್ ಹೋಮ್‌ನಲ್ಲಿ ನಿಲ್ಲಲು ಜಾಗವಿರಲಿಲ್ಲ. ನನ್ನ ಪಕ್ಕದಲ್ಲಿದ್ದವರು ಕಣ್ಣೊರೆಸಿಕೊಂಡು ಅಂದರು: "ಪುಣ್ಯವಂತೆ. ಒಂದು ದಿನಾನೂ ಒಬ್ರೇ ಇರ್ಲಿಲ್ಲ ನೋಡಿ." ನಾನು ಹೌದೆಂದು ತಲೆಯಾಡಿಸಿದೆ.

ಈಗ ನನಗೂ ಹೆಚ್ಚುಕಡಿಮೆ ಅವರ ಆಗಿನ ವಯಸ್ಸು. ತಪ್ಪಾಯಿತು ಎಂಬ ಮಾತು ಇಷ್ಟು ವರ್ಷವಾದರೂ ಬಾಯಲ್ಲೇ ಉಳಿದಿದೆ, ಕೇಳಬೇಕಾದವರು ಇಲ್ಲ. ಇದ್ದಿದ್ದರೂ "ಇರ್ಲಿ ಬಿಡವಾ, ಉಂಡೀ ಇಲ್ಲೋ?" ಎಂದು ತಟ್ಟೆ ಇಡುತ್ತಿದ್ದರು. ನಾನೂ ಉಂಡು ಎದ್ದು ಬರುತ್ತಿದ್ದೆ.