ಭುಜನೋವಿನ ಕಮಾಂಡರ್

ಹೇವರ್ಡ್‌ನಲ್ಲಿ ನಾನು ಫಿಸಿಯೋಥೆರಪಿಸ್ಟ್ ಆಗಿರುವ ಕ್ಲಿನಿಕ್ಕಿಗೆ ಸರ್ಬಿಯಾದ ಹಿರಿಯರೊಬ್ಬರು ವಾರಕ್ಕೆ ಎರಡು ಸಲ ಬರುತ್ತಿದ್ದರು. ಎಪ್ಪತ್ತು ದಾಟಿದ ಎತ್ತರದ ಆಳು. ಬಲಭುಜ ಹಿಡಿದುಕೊಂಡಿತ್ತು. ನನ್ನ ಮಗಳಿಗೆ ಹುಷಾರಿಲ್ಲ ಎಂದು ತಿಳಿದಾಗ ಹಿತ್ತಲಿನ ಪ್ಲಮ್ ಹಣ್ಣು ಚೀಲದ ತುಂಬ ತಂದುಕೊಟ್ಟಿದ್ದರು.

ಕೈ ಎತ್ತಿಸುವಾಗ ನೋವು ಮರೆಯಲಿ ಎಂದು ಮಾತಿಗೆಳೆಯುತ್ತಿದ್ದೆ. ಅವರ ಬದುಕು ಹಾಗೇ ಚೂರುಚೂರಾಗಿ ಗೊತ್ತಾಯಿತು. ರೈತರ ಮಗ, ಹದಿನೈದಕ್ಕೇ ಸೈನಿಕ ಶಾಲೆ, ಆಮೇಲೆ ಲೆಫ್ಟಿನೆಂಟು, ಕ್ಯಾಪ್ಟನ್ನು, ಮೇಜರು. "ಬಾಸ್ನಿಯಾದ ಯುದ್ಧ ಶುರುವಾಗೋ ಮುಂಚೆ ಸೈನ್ಯ ಬಿಟ್ಟೆ," ಎನ್ನುತ್ತಿದ್ದರು. ಇಲ್ಲಿಗೆ ಬಂದು ಇಪ್ಪತ್ತು ವರ್ಷ ಟ್ರಕ್ಕು ಓಡಿಸಿದ್ದರಂತೆ.

ದಿನಾ ನಾನೇ ಕನ್ನಡದಲ್ಲಿ ಒಂದು, ಎರಡು ಎನ್ನುತ್ತಿದ್ದೆ. ಒಂದು ಬೆಳಿಗ್ಗೆ ತಮಾಷೆಗೆ, "ಇವತ್ತು ನಿಮ್ಮ ಭಾಷೆಯಲ್ಲಿ ಎಣಿಸಿ," ಎಂದೆ. ಗಟ್ಟಿಯಾಗಿ ಎಣಿಸತೊಡಗಿದರು. ಎಂಟೋ ಒಂಬತ್ತೋ ಆಗಿರಬೇಕು, ಪರದೆ ಸರಿಯಿತು. ಹೊಸದಾಗಿ ಸೇರಿದ್ದ ರಿಸೆಪ್ಷನಿಸ್ಟ್ ನಿಂತಿದ್ದಳು. ಚಿಕ್ಕವಳಿದ್ದಾಗ ಬಾಸ್ನಿಯಾದಿಂದ ಬಂದವಳು ಎಂದಷ್ಟೇ ನನಗೆ ಗೊತ್ತಿದ್ದದ್ದು. ಮುಖ ಬಿಳಿಚಿಕೊಂಡಿತ್ತು. ಅವರ ಭಾಷೆಯಲ್ಲೇ ಏನೋ ಕೇಳಿದಳು. ಅವರು ಎಣಿಸುವುದನ್ನು ನಿಲ್ಲಿಸಿದರು.

ಆಮೇಲೆ ನನ್ನ ಕಡೆ ತಿರುಗಿದಳು. "ಅದೇ ದನಿ. ಯುದ್ಧದಲ್ಲಿ ನಮ್ಮೂರಿನವರನ್ನ ಬಸ್ಸಿಗೆ ಹತ್ತಿಸುವಾಗ ಎಣಿಸಿದ್ದು ಇವರೇ. ಎಲ್ಲರೂ ಕಮಾಂಡರ್ ಅಂತಿದ್ದರು. ನಮ್ಮಪ್ಪನ್ನ ಬೇರೆ ಸಾಲಿಗೆ ಕಳಿಸಿದರು. ಅಪ್ಪ ಮತ್ತೆ ಬರಲಿಲ್ಲ."

ನಾನಿನ್ನೂ ಅವರ ಮೊಣಕೈ ಹಿಡಿದೇ ಇದ್ದೆ. "ನಿಜಾನಾ?" ಎಂದೆ.

"ಆರ್ಡರ್ ಇತ್ತು," ಎಂದರು. ಅಷ್ಟೇ.

ಎದ್ದು ಶರ್ಟು ತೊಡಲು ಹೋದರು, ಕೈ ಏಳಲಿಲ್ಲ. ಅಭ್ಯಾಸಬಲದಿಂದ ನಾನೇ ತೋಳು ತೂರಿಸಿ ಗುಂಡಿ ಹಾಕಿಕೊಟ್ಟೆ. ಅವಳು ನೋಡುತ್ತ ನಿಂತಿದ್ದಳು. ಅವರು ಹೊರಟುಹೋದರು. ಯಾಕೆ ಹಾಗೆ ಮಾಡಿದೆನೋ, ಇವತ್ತಿಗೂ ಗೊತ್ತಿಲ್ಲ.

ಅವಳು ದೂರು ಕೊಟ್ಟಳು. ವಿಚಾರಣೆ ವರ್ಷಕ್ಕೂ ಮೇಲೆ ಎಳೆಯಿತು. ವಲಸೆಯ ಕಾಗದಗಳಲ್ಲಿ ಅವರು ಯುದ್ಧದ ವರ್ಷಗಳನ್ನೇ ಮುಚ್ಚಿಟ್ಟಿದ್ದರೆಂದು ಸಾಬೀತಾಗಿ ದೇಶದಿಂದ ಹೊರಗೆ ಕಳಿಸಿದರು. ಸುದ್ದಿ ಬಂದ ದಿನ ಅವಳ ಮೇಜಿನ ಹತ್ತಿರ ಹೋಗಿ, "ಅಂತೂ ಶಿಕ್ಷೆ ಆಯಿತಲ್ಲ," ಎಂದೆ.

"ಸುಳ್ಳು ಹೇಳಿದ್ದಕ್ಕೆ ಆಯಿತು," ಎಂದಳು. "ಅಪ್ಪನ್ನ ಎಲ್ಲಿ ಹೂತಿದ್ದೀರಿ ಅಂತ ಕೋರ್ಟಿನಲ್ಲೇ ಕೇಳಿದೆ. ನೆಲ ನೋಡ್ತಾ ಕೂತಿದ್ದರು."