ಮಂಜುಳಾ ಇಟ್ಟ ಕುಂಕುಮ

ಮಂಜುಳಾಳ ಎಡಗೈ ತುಂಬ ಯಾವಾಗಲೂ ಬಣ್ಣದ ಪಟ್ಟೆಗಳಿರುತ್ತಿದ್ದವು. ಮಣಿಕಟ್ಟಿನಿಂದ ಮೊಣಕೈವರೆಗೆ ಗೋಧಿಯ ಬಣ್ಣ, ಬೆಲ್ಲದ ಬಣ್ಣ, ಹುರಿದ ಶೇಂಗಾದ ಬಣ್ಣ, ಒಂದರ ಪಕ್ಕ ಒಂದು. ರೊಟ್ಟಿ ಬಡಿಯುವಾಗ ಹಿಟ್ಟಿನ ನಡುವೆ ಕಾಣುತ್ತಿದ್ದವು, ಬೀಗರಿಗೆ ಬಡಿಸುವಾಗ ಬಳೆಗಳ ಹಿಂದೆ ಕಾಣುತ್ತಿದ್ದವು. ಯಾರಾದರೂ ಕೇಳಿದರೆ ಕೈ ಮುಂದೆ ಚಾಚಿ, "ಇದು ಕೂಡ್ಲಿಗಿ ಮಾಸ್ತರು, ಇದು ಹಡಗಲಿ ಅಜ್ಜಿ, ಇದು ಇನ್ನೂ ಯಾರಂತ ಗೊತ್ತಾಗಿಲ್ರಿ" ಎಂದು ತೋರಿಸುತ್ತಿದ್ದಳು. ಸತ್ತವರ ಮೈಬಣ್ಣವನ್ನು ತನ್ನ ತೋಳಿನ ಮೇಲೆ ಹಚ್ಚಿ ನೋಡಿದ ಮೇಲೆಯೇ ಅವಳು ಅದನ್ನು ಕಾಗದಕ್ಕೆ ಇಳಿಸುತ್ತಿದ್ದದ್ದು. ಬಂದವರು ಬಾಯಿ ಬಿಟ್ಟುಕೊಂಡು ಆ ಕೈ ನೋಡುತ್ತಿದ್ದರು. ನನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ.

ಅವಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಹರಪನಹಳ್ಳಿಯ ಹುಡುಗಿ. ಕೊಟ್ಟೂರಿನ ನಮ್ಮ ಮನೆಗೆ ಅವಳು ಬರುವ ಹೊತ್ತಿಗೆ ನಾನು ಅಲ್ಲಿ ಬೇರು ಬಿಟ್ಟಾಗಿತ್ತು. ನನ್ನ ಗಂಡ, ಮೈದುನ ಇಬ್ಬರಿಗೂ ಸೇರಿ ಬಜಾರಿನಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ. ನನ್ನದು ಮನೆಯೊಳಗೇ ಬೇರೆ ಕಸುಬು, ಮುಖ ಬರೆಯುವುದು. ಹೈಸ್ಕೂಲಿನಲ್ಲಿದ್ದಾಗ ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿದವಳು ನಾನು. ಬೆಂಕಿಪೊಟ್ಟಣದಷ್ಟು ಚಿಕ್ಕ ಹಳೆಯ ಫೋಟೊ ಕೊಟ್ಟರೂ ಅದರ ಮೇಲೆ ಚೌಕುಳಿ ಹಾಕಿ, ದೊಡ್ಡ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಹಾಗೆಹಾಗೇ ಇಳಿಸುತ್ತಿದ್ದೆ. ಗದ್ದದ ಕುಳಿ, ಮೂಗಿನ ಪಕ್ಕದ ಮಡಿಕೆ, ಕಣ್ಣಿನ ಕೆಳಗಿನ ದಣಿವು, ಎಲ್ಲವನ್ನೂ ಬೆರಳಲ್ಲಿ ತಿಕ್ಕಿ ತಿಕ್ಕಿ ನೆರಳು ಮಾಡುವುದರಲ್ಲಿ ನನ್ನ ಕೈ ಮುಂದು. ಅತ್ತೆ ಬಂದವರ ಮುಂದೆಲ್ಲ, "ನಮ್ಮ ಹಿರೇ ಸೊಸಿ ಸತ್ತಾರನ್ನ ಎಬ್ಬಿಸಿ ಕುಂದ್ರಸ್ತಾಳ" ಎನ್ನುತ್ತಿದ್ದರು. ಬಾಯಿ ತುಂಬ ಹೊಗಳುವ ಹೆಂಗಸಲ್ಲ ಅವರು. ಆ ಒಂದು ಮಾತಿಗಾಗಿ ನಾನು ಆ ಮನೆಯಲ್ಲಿ ತಿಕ್ಕಿದ ಮುಸುರೆ ಅಷ್ಟಿಷ್ಟಲ್ಲ.

ಮದುವೆಯಾದ ಮರುವರ್ಷ ಮಂಜುಳಾ ತವರಿನಿಂದ ಒಂದು ಡಬ್ಬಿ ತಂದಳು. ಕುವೈತಿನಲ್ಲಿ ಯಾರೋ ಎಂಜಿನಿಯರನ ಕಾರು ಓಡಿಸುತ್ತಿದ್ದ ಅವಳ ಅಣ್ಣ ಕೊಟ್ಟದ್ದು. ಕಟ್ಟಡದ ನಕ್ಷೆಗಳಿಗೆ ಬಣ್ಣ ತುಂಬುವ ಸ್ಪಿರಿಟ್ ಮಾರ್ಕರುಗಳು. ಒಂದು ತುದಿ ಉಳಿಯ ಹಾಗೆ ಅಗಲ, ಇನ್ನೊಂದು ತುದಿ ಚೂಪು. ಶಾಲೆಯ ಮಕ್ಕಳ ಸ್ಕೆಚ್ ಪೆನ್ನಿನ ಹಾಗೆ ಗೆರೆ ಗೆರೆಯಾಗಿ ಬೀಳುವ ಬಣ್ಣವಲ್ಲ. ಒಂದು ಆರುವುದರೊಳಗೆ ಇನ್ನೊಂದನ್ನು ಹಚ್ಚಿದರೆ ಎರಡೂ ಕರಗಿ ಎಲ್ಲಿ ಯಾವುದು ಮುಗಿಯಿತು ಎಂದೇ ತಿಳಿಯುತ್ತಿರಲಿಲ್ಲ. ಮುಚ್ಚಳ ತೆಗೆದರೆ ಸಾಕು, ದವಾಖಾನೆಯಲ್ಲಿ ಸೂಜಿ ಚುಚ್ಚುವ ಮುಂಚೆ ಬರುವ ವಾಸನೆ ಮನೆಯಿಡೀ ತುಂಬುತ್ತಿತ್ತು. ಮೊದಲ ದಿನ ಅತ್ತೆ ಪೂಜೆಗೆ ಕೂತಲ್ಲಿಂದಲೇ ಮೂಗಿಗೆ ಸೆರಗು ಹಿಡಿದು, "ಏನಬೇ ಮಂಜುಳಾ, ಲಿಂಗ ಪೂಜಿ ಮಾಡೋ ಮನ್ಯಾಗ ಸೆರೆ ಅಂಗಡಿ ಇಟ್ಟೀಯಲ್ಲ" ಎಂದು ಗದರಿದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಕುಡಿಯೋದಲ್ರಿ ಅತ್ತೆ, ಹಚ್ಚೋದು" ಎಂದ ಮಂಜುಳಾ ಅವರ ಮುಂದೆಯೇ ಕೂತು ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ಮಾವಿನಹಣ್ಣು ಮಾಡಿದಳು. ತೊಟ್ಟಿನ ಹತ್ತಿರ ಹಸಿರು, ಹೊಟ್ಟೆಯ ಹತ್ತಿರ ಹಳದಿ, ಬಿಸಿಲು ಬಿದ್ದ ಕಡೆ ಕೆಂಪು. ಅತ್ತೆ ನೋಡುತ್ತ ನೋಡುತ್ತ ಮೂಗಿನಿಂದ ಸೆರಗು ತೆಗೆದರು.

ಆ ಸಲ ನಾನು ಕೂಡ್ಲಿಗಿಯ ಮಾಸ್ತರರೊಬ್ಬರ ಮುಖ ಬರೆದಿಟ್ಟಿದ್ದೆ. ಇದಕ್ಕೆ ಬಣ್ಣ ಹಚ್ಚಲೇ ಅಕ್ಕಾ ಎಂದು ಕೇಳಿದಳು. ಹೂಂ ಎಂದೆ. ಕೆಡಿಸಿ ಬೈಸಿಕೊಳ್ಳಲಿ ಎಂಬ ಆಸೆಯೂ ಒಳಗಿತ್ತು. ಅವಳು ಮೊದಲು ಕೈಗೆತ್ತಿಕೊಂಡದ್ದು ಪೆನ್ನಲ್ಲ, ರಬ್ಬರ್.

"ಏನ್ ಮಾಡಾಕತ್ತೀಬೇ?"

"ನೆರಳು ಅಳಿಸ್ತೀನಿ ಅಕ್ಕಾ. ಪೆನ್ಸಿಲ್ ಪುಡಿ ಮೇಲೆ ಇದನ್ನ ಓಡಿಸಿದ್ರೆ ಮುಖಕ್ಕೆ ಮಸಿ ಬಳಿದಂಗಾಗ್ತತೆ. ನಿಮ್ಮ ಗೆರೆ ಇದ್ರೆ ಸಾಕು ನನಗೆ, ಅದರ ಮೇಲೆ ಒಂದೀಟು ಕರೇ ಇಂಕು ಎಳೆದು ಕೊಡ್ರಿ."

ಗೆರೆ ಇದ್ದರೆ ಸಾಕಂತೆ. ಎಷ್ಟೋ ಮಧ್ಯಾಹ್ನ ಕಣ್ಣು ಕೀಲಿಸಿ ಕೂತು ತೀಡಿದ್ದ ನೆರಳನ್ನು ಅವಳು ಉಜ್ಜಿ, ರಬ್ಬರಿನ ಪುಡಿಯನ್ನು ಉಫ್ ಎಂದು ಊದಿಬಿಟ್ಟಳು. ಮಾಸ್ತರರ ಮಗ ಬಂದು ಬಣ್ಣದ ಅಪ್ಪನನ್ನು ನೋಡಿದವನೇ ಚಪ್ಪಲಿ ಬಿಟ್ಟು ಕೈ ಮುಗಿದ. ಮಗ್ಗುಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ಹಡಗಲಿಯಿಂದ, ಹಗರಿಬೊಮ್ಮನಹಳ್ಳಿಯಿಂದ, ಅರಸೀಕೆರೆಯಿಂದ ಜನ ಬಸ್ಸಿಳಿದು ಬರತೊಡಗಿದರು. ಬಾಗಿಲು ತೆಗೆಯುವವಳು ನಾನು. "ಬಣ್ಣದ ಮುಖ ಬರಿಯೋ ಮಂಜುಳಕ್ಕ ನೀವೇನ್ರಿ?" ಎಂದು ಕೇಳುತ್ತಿದ್ದರು. ಅಲ್ಲ, ಅವಳು ಒಳಗಿದ್ದಾಳೆ ಎಂದು ಹೇಳಿ, ಅವರಿಗೆ ನೀರು ಕೊಟ್ಟು, ಚಹಕ್ಕೆ ಇಟ್ಟು, ಆಮೇಲೆ ಅವರ ಫೋಟೊದ ಮೇಲೆ ಚೌಕುಳಿ ಹಾಕಲು ಕೂರುವವಳೂ ನಾನೇ. ಅಡಿಗೆ ಮಾಡಿದವಳು ಒಬ್ಬಳು, ಒಗ್ಗರಣೆ ಹಾಕಿ ಹೆಸರು ತಗೊಂಡವಳು ಇನ್ನೊಬ್ಬಳು. ಹೊಟ್ಟೆಕಿಚ್ಚೇ ಅದು, ಬೇರೆ ಚಂದದ ಹೆಸರು ಯಾಕೆ ಕೊಡಲಿ?

ಆದರೆ ಅವಳು ಕೆಲಸಕ್ಕೆ ಕೂತಾಗ ಎದುರಿನಿಂದ ಏಳಲು ಮನಸ್ಸು ಬರುತ್ತಿರಲಿಲ್ಲ. ಆ ಡಬ್ಬಿಯಲ್ಲಿ ನಮ್ಮ ಜನರ ಮೈಬಣ್ಣ ಅನ್ನುವುದು ಒಂದೂ ಇರಲಿಲ್ಲ. "ಇವು ಬಿಳೇ ಮಂದಿಗೆ ಮಾಡಿದ ಪೆನ್ನು, ನಮ್ಮದನ್ನ ನಾವೇ ಹುಟ್ಟಿಸ್ಕೋಬೇಕು" ಎಂದು ಹಳದಿಯ ಮೇಲೆ ಕಂದು, ಕಂದಿನ ಮೇಲೆ ಒಂದು ಎಳೆ ಕೆನ್ನೀಲಿ ಕೂಡಿಸುತ್ತಿದ್ದಳು. ಮನೆಯವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಕೇಳುತ್ತಿದ್ದಳು: "ಹೊಲದಾಗೆ ತಿರುಗ್ತಿದ್ರಾ, ಅಂಗಡಿಯಾಗೆ ಕೂರ್ತಿದ್ರಾ? ರುಮಾಲು ತೆಗೆದ್ರೆ ಹಣೆ ಬೆಳ್ಳಗಿತ್ತಾ? ಎಲೆ ಅಡಿಕೆ ಹಾಕ್ತಿದ್ರಾ?" ಅವರು ಹೇಳುತ್ತ ಹೇಳುತ್ತ ಅಳುತ್ತಿದ್ದರು. ಅವಳು ಅಳುವವರಿಗೆ ಸಮಾಧಾನ ಹೇಳದೆ ತುಟಿಗೆ ಕೆಂಪು ತುಂಬುತ್ತಿದ್ದಳು. ಬಣ್ಣ ಆರಬಾರದಲ್ಲ.

ಹಡಗಲಿಯ ಒಬ್ಬ ಹೆಣ್ಣುಮಗಳು, ತನ್ನ ಅವ್ವನ ತುರುಬಿಗೆ ಮಲ್ಲಿಗೆ ಇರಲೇಬೇಕು, ಬೆಳ್ಳಗೆ ಹೊಳೆಯಬೇಕು ಎಂದು ಹಟ ಹಿಡಿದಳು. ಮಂಜುಳಾ ನಕ್ಕು, "ಬಿಳೇ ಪೆನ್ನು ಇಲ್ರಿ ಇದರಾಗೆ. ಬಿಳೇದು ಬೇಕು ಅಂದ್ರೆ ಅಲ್ಲಿ ಮುಟ್ಟಬಾರದು ಅಷ್ಟೇ" ಎಂದಳು. ಸುತ್ತಲೂ ಕಪ್ಪು ತುಂಬುತ್ತ ಹೋಗಿ ಮೊಗ್ಗಿನಷ್ಟಷ್ಟೇ ಕಾಗದ ಖಾಲಿ ಬಿಟ್ಟಳು. ಮಾಲೆ ತಾನಾಗಿ ಎದ್ದು ಬಂತು. ಪಾಪಿ, ಎಷ್ಟು ಚೆನ್ನಾಗಿ ಮಾಡಿದಳು ಎಂದು ನನಗೂ ಅನಿಸಿತು. ಹಾಗೆ ಅನಿಸಿದ್ದಕ್ಕೆ ಇನ್ನಷ್ಟು ಉರಿಯಿತು.

ಹೀಗಿರುವಾಗ ಒಂದು ದಿನ ಅತ್ತೆ ನನ್ನನ್ನು ಕರೆದು, "ನಾ ಸತ್ತ ಮ್ಯಾಲೆ ಫೋಟೊ ಹುಡುಕ್ಕೋತ ಟ್ರಂಕು ಕೆದರಬ್ಯಾಡ್ರಿ. ಈಗ ಬರಿ ನನ್ನ ಮುಖ. ನಾನೂ ಒಂದೀಟು ನೋಡ್ತೀನಿ" ಎಂದರು. ನನಗೆ ಹೇಳಿದರು, ಅವಳಿಗಲ್ಲ. ಆ ಮಾತನ್ನು ಸೆರಗಿನ ತುದಿಗೆ ಕಟ್ಟಿಕೊಂಡವಳ ಹಾಗೆ ಮನೆ ತುಂಬ ಓಡಾಡಿದೆ. ಈ ಒಂದು ಚಿತ್ರವಾದರೂ ಪೆನ್ಸಿಲ್ಲಿನದೇ ಇರಬೇಕು, ನನ್ನದೇ ಅನ್ನಿಸಿಕೊಳ್ಳಬೇಕು ಎಂದು ಪಣ ತೊಟ್ಟೆ. ಪಡಸಾಲೆಯ ಕಂಬಕ್ಕೆ ಅವರನ್ನು ಒರಗಿಸಿ ಕೂರಿಸಿ, ಹಿಂದೆ ಯಾರಿಗೂ ಬರೆಯದ ಹಾಗೆ ಬರೆದೆ. ಒಂದೊಂದು ಸುಕ್ಕಿಗೂ ಒಂದೊಂದು ನೆರಳು. ಹಣೆಯ ಮೇಲೆ ವಿಭೂತಿಯ ಮೂರು ಪಟ್ಟಿ, ಅಷ್ಟೇ. ಮಾವನವರು ಹೋದಮೇಲೆ ಅತ್ತೆಯ ಹಣೆಯಲ್ಲಿದ್ದದ್ದು ಅದೊಂದೇ.

ಮುಗಿದ ದಿನ ತಂದು ತೋರಿಸಿದೆ. ಅತ್ತೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಚಲೋ ಆಗೇತಿ. ಹಿಂಗ ಅದೀನಿ ನಾನು" ಎಂದರು. ಆಮೇಲೆ, "ಮಂಜುಳಾಗ ಕೊಡು, ಬಣ್ಣ ಹಚ್ಚಲಿ" ಎಂದರು.

ನಾನು ಕೊಟ್ಟೆ. ಕೊಡದೆ ಏನು ಮಾಡಲಿ? ಅವಳು ರಬ್ಬರ್ ಆಡಿಸುವಾಗ ಅಡಿಗೆಮನೆಗೆ ಹೋಗಿ ನಿಂತೆ. ಗೆರೆಗಳ ಮೇಲೆ ಇಂಕು ಎಳೆದುಕೊಟ್ಟು, ಬಣ್ಣ ಹಚ್ಚಲು ಕೂತಾಗ ಮಾತ್ರ ಎದುರಿಗೆ ಬಂದು ಕೂತೆ. ಮುಖ ತುಂಬಿದಳು, ಕುತ್ತಿಗೆ ತುಂಬಿದಳು, ವಿಭೂತಿಯ ಪಟ್ಟಿಗಳನ್ನು ಮುಟ್ಟದೆ ಬಿಟ್ಟಳು. ಎಲ್ಲ ಮುಗಿಯಿತು ಅನ್ನುವಾಗ ಕೆಂಪು ಪೆನ್ನಿನ ಮುಚ್ಚಳ ತೆಗೆದು, ಹುಬ್ಬುಗಳ ನಡುವೆ ಒಂದು ಚುಕ್ಕೆ ಇಟ್ಟಳು.

"ಅಲ್ಲಬೇ, ಕುಂಕುಮ ಇಟ್ಟಿಯಲ್ಲ" ಎಂದೆ.

"ಹಣೆ ಖಾಲಿ ಕಾಣ್ತು ಅಕ್ಕಾ."

"ಅಳಿಸು."

"ಇದು ಅಳಿಸೋಕೆ ಬರಂಗಿಲ್ಲ" ಎಂದು ಮುಚ್ಚಳ ಹಾಕಿದಳು.

ನನಗೆ ಒಳಗೊಳಗೇ ದೀಪಾವಳಿ. ಬದುಕಿರುವ ವಿಧವೆಯ ಹಣೆಗೆ, ಅದೂ ನಮ್ಮ ಅತ್ತೆಯಂಥ ಕಟ್ಟುನಿಟ್ಟಿನ ಹೆಂಗಸಿನ ಹಣೆಗೆ ಕುಂಕುಮ ಬರೆದಿದ್ದಾಳೆ. ಡಬ್ಬಿ ಹೊರಗೆ ಬೀಳುತ್ತದೆ, ಇವತ್ತಿಗೆ ಈ ಆಟ ಮುಗಿಯಿತು ಎಂದುಕೊಂಡೆ. ಚಿತ್ರವನ್ನು ನಾನೇ ಎತ್ತಿಕೊಂಡು ಹೋಗಿ ಅತ್ತೆಯ ತೊಡೆಯ ಮೇಲಿಟ್ಟೆ. ಅವರು ನೋಡಿದರು. ಬೆರಳನ್ನು ಆ ಕೆಂಪಿನ ಹತ್ತಿರ ಒಯ್ದು ಮುಟ್ಟದೆ ಹಿಂದೆ ತೆಗೆದರು. ಮಂಜುಳಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ನೀ ಯಾವಾಗ ನೋಡಿದ್ದಿಬೇ, ನಾ ಕುಂಕುಮ ಹಚ್ಚಿದ್ದು?" ಎಂದು ಅತ್ತೆ ಅವಳನ್ನು ಕೇಳಿದರು.

"ನೋಡಿಲ್ರಿ ಅತ್ತೆ. ನಾನು ಬರೋ ಹೊತ್ತಿಗೆ ಮಾವ ಇರಲಿಲ್ಲ."

ಅತ್ತೆ ಹಾಳೆಯನ್ನು ಕಣ್ಣಿನ ಹತ್ತಿರ ತಂದರು. ಆಮೇಲೆ, "ಇನ್ನಾ ಸ್ವಲ್ಪ ದೊಡ್ಡದಿತ್ತು" ಎಂದರು.

ಮಂಜುಳಾ ಓಡಿಹೋಗಿ ಪೆನ್ನು ತಂದಳು. ಅತ್ತೆಯ ತೊಡೆಯ ಮೇಲೆಯೇ ಹಾಳೆ ಇಟ್ಟುಕೊಂಡು, "ಇಷ್ಟು ಸಾಕೇನ್ರಿ? ಇನ್ನೊಂದೀಟಾ?" ಎಂದು ಕೇಳುತ್ತ ಚುಕ್ಕೆಯನ್ನು ಅಗಲ ಮಾಡುತ್ತ ಹೋದಳು. ಇಬ್ಬರ ತಲೆಯೂ ಹಾಳೆಯ ಮೇಲೆ ಬಾಗಿತ್ತು. ನಾನು ಅಲ್ಲೇ ನಿಂತಿದ್ದೆ. ಆ ಕುಂಕುಮವನ್ನು ಮಾವ ಇರುವಷ್ಟು ದಿನ ದಿನಾ ಬೆಳಿಗ್ಗೆ ನೋಡಿದವಳು ನಾನು. ಎಷ್ಟು ದೊಡ್ಡದಿತ್ತು, ಎಡಕ್ಕೆ ಎಷ್ಟು ವಾರೆ ಇರುತ್ತಿತ್ತು ಎಂಬುದೂ ನನಗೆ ಗೊತ್ತಿತ್ತು. ನೋಡಿದ ನಾನು ಬರೆಯಲಿಲ್ಲ, ನೋಡದ ಅವಳು ಬರೆದಳು. ಆವತ್ತಿನಷ್ಟು ಹೊಟ್ಟೆ ನನಗೆ ಹಿಂದೆಯೂ ಉರಿದಿರಲಿಲ್ಲ, ಮುಂದೆಯೂ ಉರಿಯಲಿಲ್ಲ.

ಅತ್ತೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಬೇರೆಯಾದರು. ಮೈದುನ ಹಗರಿಬೊಮ್ಮನಹಳ್ಳಿಯಲ್ಲಿ ಬೇರೆ ಅಂಗಡಿ ಹಾಕಿದ. ಹೊರಡುವ ದಿನ ಮಂಜುಳಾ ಅತ್ತೆಯ ಚಿತ್ರದ ಮುಂದೆ ನಿಂತು, "ಅಕ್ಕಾ, ಇದು..." ಎಂದು ಬಾಯಿ ತೆರೆದಳು. ದೇವರ ಜಗಲಿ ಇರುವ ಮನೆಯಲ್ಲೇ ಹಿರಿಯರ ಚಿತ್ರ ಇರಬೇಕು, ಅದು ಪದ್ಧತಿ ಎಂದೆ. ಪದ್ಧತಿಯೂ ನಿಜ, ಅವಳಿಗೆ ಕೊಡಲು ನನಗೆ ಮನಸ್ಸಿಲ್ಲದ್ದೂ ನಿಜ. ಅವಳು ತಲೆಯಾಡಿಸಿ ಟೆಂಪೊ ಹತ್ತಿದಳು.

ಚಿತ್ರಕ್ಕೆ ಗಾಜಿನ ಚೌಕಟ್ಟು ಕಟ್ಟಿಸಿ, ಎಲ್ಲರಿಗೂ ಕಾಣಲಿ ಎಂದು ಪಡಸಾಲೆಯಲ್ಲಿ ಕಿಟಕಿಯ ಎದುರಿನ ಗೋಡೆಗೆ ಹಾಕಿಸಿದೆ. ಆ ಬಣ್ಣಕ್ಕೆ ಬಿಸಿಲು ಆಗದು ಎಂದು ಯಾರಿಗೆ ಗೊತ್ತಿತ್ತು? ಮೊದಲು ಕೆಂಪು ಸೋತಿತು. ಕುಂಕುಮ ಗುಲಾಬಿಯಾಗಿ, ಆಮೇಲೆ ಕಲೆಯಾಗಿ, ಒಂದು ಬೇಸಿಗೆ ಕಳೆಯುವುದರೊಳಗೆ ಇಲ್ಲವೇ ಇಲ್ಲವಾಯಿತು. ಅದರ ಹಿಂದೆಯೇ ಗಲ್ಲದ ಬಣ್ಣ, ಸೀರೆಯ ಹಸಿರು, ಎಲ್ಲವೂ ಹೋಗಿ ನನ್ನ ಕಪ್ಪು ಗೆರೆಗಳಷ್ಟೇ ಉಳಿದವು. ಈಗ ಚಿತ್ರ ಪೂರಾ ನನ್ನದೇ. ಎಷ್ಟು ವರ್ಷ ಬೇಡಿಕೊಂಡಿದ್ದೆನೋ ಅದೇ ಕೈಗೆ ಬಂದಿತ್ತು. ಆದರೆ ಅತ್ತೆ ಎರಡನೇ ಸಲ ಮುಂಡೆಯಾದ ಹಾಗೆ ಕಾಣುತ್ತಿದ್ದರು, ಊಟಕ್ಕೆ ಕೂತರೆ ನಾನು ಆ ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದೆ.

ಮಂಜುಳಾ ಕೊನೆಯ ಸಲ ಬಂದದ್ದು ಬೀಗರ ಮನೆಯ ಮದುವೆಗೆ. ಮೈ ಇಳಿದಿತ್ತು, ಕಣ್ಣು ಹಳದಿಯಾಗಿದ್ದವು. ಔಷಧಿ ನಡೆದಿದೆ ಎಂದಷ್ಟೇ ಹೇಳಿದಳು. ಚಿತ್ರ ನೋಡಿ ಅವಳಿಗೆ ಸಂಕಟವಾಗುತ್ತದೆ ಎಂದು ನಾನು ಕಾದೆ. ಅವಳು ಗಾಜಿನ ಹತ್ತಿರ ಮುಖ ಒಯ್ದು ನೋಡಿ, "ಬಿಸಿಲಿಗೆ ಹಾಕಿದ್ರಾ?" ಎಂದಳು.

"ಮತ್ತ ಹಚ್ಚಿಕೊಡು" ಎಂದೆ. ನಾನು ಅವಳ ಹತ್ತಿರ ಏನನ್ನಾದರೂ ಬೇಡಿದ್ದು ಅದೇ ಮೊದಲು.

"ಪೆನ್ನೆಲ್ಲಾ ಒಣಗಿ ಹೋದ್ವು ಅಕ್ಕಾ. ಕಂಪೌಂಡರ್ ಹತ್ರ ಸ್ಪಿರಿಟ್ ಇಸ್ಕಂಡು ಹಾಕಿ ನೋಡ್ದೆ. ಬರೇ ವಾಸನೆ ಬರ್ತತೆ, ಬಣ್ಣ ಬರಲ್ಲ."

ಒಳಗೆ ಹೋಗಿ ದೇವರ ಜಗಲಿಯಿಂದ ಕುಂಕುಮದ ಭರಣಿ ತಂದಳು. ತಾನೇ ಹಚ್ಚುತ್ತಾಳೆ ಎಂದುಕೊಂಡೆ. ಭರಣಿಯನ್ನು ನನ್ನ ಮುಂದೆ ಹಿಡಿದು, "ಗಾಜಿನ ಮೇಲೆ ಹಚ್ರಿ. ನೀವು ನೋಡಿದೋರು, ನಿಮಗೆ ಗೊತ್ತಿರ್ತತೆ" ಎಂದಳು. ಹಚ್ಚಿದೆ. ಎಡಕ್ಕೆ ಒಂದು ಎಳೆ ವಾರೆಯಾಗಿ. ಅವಳು ದೂರ ಸರಿದು ನೋಡಿ, "ಹಿಂಗಿತ್ತಾ? ನಾನು ನಟ್ಟ ನಡುವೆ ಇಟ್ಟಿದ್ದೆ" ಎಂದು ನಕ್ಕಳು.

ಆ ಮಳೆಗಾಲ ದಾಟಲಿಲ್ಲ ಅವಳು. ಹಗರಿಬೊಮ್ಮನಹಳ್ಳಿಯ ಅವಳ ಮನೆಯಲ್ಲಿ ಈಗ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿಸಿದ ಫೋಟೊ ಇದೆ. ಸ್ಟುಡಿಯೋದವನು ಅವಳಿಗೆ ಯಾರದೋ ಬಿಳಿ ಮೈಬಣ್ಣ ಕೊಟ್ಟಿದ್ದಾನೆ.

ನಾನು ದಿನಾ ಸ್ನಾನ ಮಾಡಿ ಗಾಜು ಒರೆಸಿ ಕುಂಕುಮ ಹಚ್ಚುತ್ತೇನೆ. ವಿಧವೆಯ ಚಿತ್ರಕ್ಕೆ ಇದೇನು ಎಂದು ಹಿರಿಯರು ಗೊಣಗುತ್ತಾರೆ, ಗೊಣಗಲಿ. ಹೊರಗಿನವರು ಮನೆಗೆ ಬಂದರೆ ಚಿತ್ರದ ಮುಂದೆ ನಿಂತು, "ಇದು ಮಂಜುಳಕ್ಕ ಬರ್ದಿದ್ದಲ್ಲೇನ್ರಿ?" ಎಂದು ಇನ್ನೂ ಕೇಳುತ್ತಾರೆ. ಅದರಲ್ಲಿ ಅವಳ ಬಣ್ಣ ಒಂದು ತೊಟ್ಟೂ ಉಳಿದಿಲ್ಲ. ಗೆರೆ ನನ್ನದು, ಕುಂಕುಮ ನನ್ನ ಬೆರಳಿನದು.

"ಹೌದ್ರಿ, ಇದು ಆಕೀದ" ಎನ್ನುತ್ತೇನೆ.